ನಾದಿರಾಳ ಕೆರೆ

ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಮೊದಲ ಸಲ ಓದಿದಾಗ ನನಗೆ ಲೇಖಕಿಯ ಮೇಲೆಯೇ ಸಿಟ್ಟು ಬಂದಿತ್ತು. ನಾದಿರಾಳನ್ನು ಮಸೀದಿಯ ಕೆರೆಗೆ ನೂಕಬೇಕಿತ್ತೇ? ಗಂಡನಿಗೆ ಅವಳು ಬೇಕು, ಅವಳಿಗೆ ಗಂಡ ಬೇಕು. ಸಂಸಾರ ಮುರಿದದ್ದು ಅಪ್ಪನ ಹಠ. ಆದರೂ ಮತ್ತೆ ಒಂದಾಗಲು ಅವಳು ಇನ್ನೊಬ್ಬನನ್ನು ಮದುವೆಯಾಗಿ ಒಂದು ರಾತ್ರಿ ಕಳೆಯಬೇಕು!

ಎರಡನೆಯ ಓದಿನಲ್ಲಿ ಸಿಟ್ಟು ಇಳಿಯಿತು. ಸಾರಾ ಧರ್ಮವನ್ನು ಬೈಯುತ್ತಿಲ್ಲ. ಅದರ ಕೀಲಿಕೈ ಯಾರ ಸೊಂಟದಲ್ಲಿದೆ ಎಂದು ತೋರಿಸುತ್ತಾರೆ. ಕಟ್ಟುವವರೂ ಬಿಡಿಸುವವರೂ ಗಂಡಸರೇ.

ಶಾಬಾನು 1985ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದದ್ದು ತಿಂಗಳಿಗೆ 179 ರೂಪಾಯಿ 20 ಪೈಸೆ. ಅಷ್ಟಕ್ಕೇ ಗದ್ದಲವೆದ್ದು, ಮರುವರ್ಷವೇ ಸಂಸತ್ತು ಬೇರೆ ಕಾನೂನು ತಂದಿತು. 2017ರಲ್ಲಿ ಒಂದೇ ಉಸಿರಿನ ಮೂರು ತಲಾಖ್ ಬಿದ್ದುಹೋಯಿತು. ಅಂಥ ತಲಾಖ್ ಆಗಿಯೇ ಇಲ್ಲವೆಂದ ಮೇಲೆ ಆ ಒಂದು ರಾತ್ರಿಯ ಮಾತೂ ಇಲ್ಲ. ಸರಿ, ಆದರೆ ನಾದಿರಾಳಂಥವಳಿಗೆ ಇದನ್ನು ಹೇಳುವವರು ಯಾರು? ಅಪ್ಪನೇ?

ನಾವೇನು ಮೇಲಲ್ಲ, ಬಿಡಿ. ತವರಿನ ಆಸ್ತಿಯ ಹಕ್ಕುಬಿಡುಗಡೆ ಪತ್ರಕ್ಕೆ ಅಣ್ಣ ಬೆರಳಿಟ್ಟ ಕಡೆಯೆಲ್ಲ ಸಹಿ ಹಾಕಿ, ಕಾಫಿ ಕುಡಿದು ಎದ್ದುಬಂದವಳು ನಾನು. ಓದಲು ಕನ್ನಡಕವೂ ಬ್ಯಾಗಿನಲ್ಲೇ ಇತ್ತು.