ಕಾರಿಂದ ಕಾರಿಗೆ ಹಾರುವ ಪೊಲೀಸಪ್ಪ

ಪೊಲೀಸರು ಕಳ್ಳರ ಗಾಡಿ ಬೆನ್ನಟ್ಟುವ ವಿಡಿಯೋ ಗೇಮ್‌ಗಳಿಗೇನೂ ಬರವಿಲ್ಲ. 1988ರಲ್ಲಿ ಟೈಟೋ ಕಂಪನಿಯ ‘ಚೇಸ್ ಎಚ್.ಕ್ಯೂ.’ ಬಂದಾಗಿನಿಂದ ಸೂತ್ರ ಹೆಚ್ಚುಕಮ್ಮಿ ಒಂದೇ: ಬೆನ್ನಟ್ಟು, ಗುದ್ದು, ನಿಲ್ಲಿಸು. 2005ರ ಕೊನೆಗೆ ಯುರೋಪಿನಲ್ಲಿ, ಮರುವರ್ಷ ಅಮೆರಿಕದಲ್ಲಿ, ಸೋನಿಯ ಪಿಎಸ್‌ಪಿಗೆ ಬಂದ ‘ಪರ್ಸ್ಯೂಟ್ ಫೋರ್ಸ್’ ಬೇರೆಯೇ ಪ್ರಶ್ನೆ ಕೇಳಿತು. ಗುದ್ದೋದ್ಯಾಕೆ, ಹಾರಿಬಿಟ್ರೆ ಹೇಗೆ?

ಮಾಡಿದವರು ಇಂಗ್ಲೆಂಡಿನ ಬಿಗ್‌ಬಿಗ್ ಸ್ಟುಡಿಯೋಸ್. ಕಥೆ ಇಷ್ಟೇ: ಅಮೆರಿಕದಂಥ ಒಂದು ಕಾಲ್ಪನಿಕ ರಾಜ್ಯ, ಐದು ಗ್ಯಾಂಗು, ಒಬ್ಬ ಪೊಲೀಸು, ಮಾತೆತ್ತಿದರೆ ಕಿರುಚುವ ಅವನ ಮೇಲಧಿಕಾರಿ. ಆ ದನಿ ಕೇಳಿದ್ರೆ ರಿಲೀಸ್ ದಿನದ ಮ್ಯಾನೇಜರ್ ನೆನಪಾಗೋದು ಗ್ಯಾರಂಟಿ. ಕಥೆ ಬಿಡಿ, ಆಟಕ್ಕೆ ಬನ್ನಿ. ಕಳ್ಳರ ಕಾರಿನ ಹತ್ತಿರ ಬಂದಾಗ ಪರದೆ ಮೇಲೊಂದು ಗುರುತು ಮೂಡುತ್ತದೆ. ಬಟನ್ ಒತ್ತಿದರೆ ನಮ್ಮ ಪೊಲೀಸಪ್ಪ ಸ್ಟೇರಿಂಗ್ ಬಿಟ್ಟು ಹಾರಿ ಆ ಕಾರಿನ ಮೇಲೆ ಬೀಳುತ್ತಾನೆ. ನೇತಾಡುತ್ತಲೇ ಗುಂಡು ತಪ್ಪಿಸಿಕೊಂಡು, ಒಳಗಿದ್ದವರನ್ನು ಮುಗಿಸಿ, ಗಾಡಿಯನ್ನು ತನ್ನದಾಗಿಸಿಕೊಳ್ಳುತ್ತಾನೆ.

ಓಡುವ ಕಬ್ಬಿನ ಟ್ರ್ಯಾಕ್ಟರಿಗೆ ಹಿಂದಿನಿಂದ ಜೋತುಬಿದ್ದು ಜಲ್ಲೆ ಎಳೆದ ನಮ್ಮಂಥ ಹಳ್ಳಿ ಹೈದರಿಗೆ ಈ ಖುಷಿಯನ್ನು ವಿವರಿಸಬೇಕಿಲ್ಲ. ಆದರೆ ಈ ಹಾರಾಟ ಬರೀ ಶೋಕಿಯಲ್ಲ. ನಿಮ್ಮ ಗಾಡಿ ಜಖಂ ಆದಷ್ಟೂ ಶತ್ರುವಿನ ಗಾಡಿಯೇ ನಿಮಗೆ ಆಸರೆ. ಅದನ್ನು ಗುಂಡು ಹೊಡೆದು ಚಿಂದಿ ಮಾಡಿದರೆ ಆಮೇಲೆ ಹಾರೋದೆಲ್ಲಿಗೆ? ಹೊಡೆಯಲೋ ಉಳಿಸಲೋ ಅನ್ನೋ ಲೆಕ್ಕ ಅರೆಕ್ಷಣದಲ್ಲಿ ಆಗಬೇಕು. ಒಂದೇ ಬಟನ್ನಿನಲ್ಲಿ ಇಷ್ಟು ಯೋಚನೆ ತುಂಬಿದ್ದು ಸಣ್ಣ ಕೆಲಸವಲ್ಲ.

ಇಂಥ ಆಟ ಎಡವುವುದು ಎಲ್ಲಿ? ತನ್ನ ಈ ಒಂದು ಐಡಿಯಾವನ್ನು ತಾನೇ ನಂಬದ ಕಡೆ. ಸುಮ್ಮನೆ ಕಾರಿಂದ ಇಳಿಸಿ ನಡೆಸುವ ಭಾಗಗಳು ಸಪ್ಪೆ. ಮೇಲಿಂದ ಗಡಿಯಾರದ ಕಾಟ ಬೇರೆ. ಉದ್ದದ ಮಿಷನ್ನಿನ ಕೊನೆಯಲ್ಲಿ ಸತ್ತರೆ ಮಾಡಿದ್ದನ್ನೇ ಮತ್ತೆ ಮಾಡಬೇಕು. ಬಸ್ಸಿನಲ್ಲಿ ನಿಮ್ಮ ಸ್ಟಾಪ್ ಬಂದ್ರೆ ಚಿಂತೆಯಿಲ್ಲ, ಸ್ವಿಚ್ ಒತ್ತಿದರೆ ಪಿಎಸ್‌ಪಿ ಆಟವನ್ನು ಇದ್ದಲ್ಲೇ ಮಲಗಿಸುತ್ತದೆ. ಯಂತ್ರಕ್ಕೆ ನಮ್ಮ ಸಮಯದ ಬೆಲೆ ಗೊತ್ತು, ಆಟಕ್ಕೆ ಗೊತ್ತಿಲ್ಲ. ಕಷ್ಟ ಬೇರೆ, ಶಿಕ್ಷೆ ಬೇರೆ. ಕಷ್ಟ ಏನಾದರೂ ಕಲಿಸುತ್ತದೆ, ಶಿಕ್ಷೆ ಬರೀ ಕಾಯಿಸುತ್ತದೆ.

ಇನ್ನೊಂದು ಮಾತು. ಗ್ಯಾಂಗಿನವರನ್ನು ಹೊಡೆದಂತೆಲ್ಲ ತುಂಬುವ ಪಟ್ಟಿಯೊಂದಿದೆ, ಅದರ ಹೆಸರು ‘ಜಸ್ಟಿಸ್’. ಅದು ತುಂಬಿದರೆ ನಿಮ್ಮ ಗಾಯ ವಾಸಿಯಾಗುತ್ತದೆ, ಹಾರುವಾಗ ಕಾಲವೂ ನಿಧಾನವಾಗುತ್ತದೆ. ಅಂದರೆ ಇಲ್ಲಿ ನ್ಯಾಯ ಸಿಗುವುದು ಊರಿಗಲ್ಲ, ಹೊಡೆದ ಪೊಲೀಸನಿಗೆ! ಎನ್‌ಕೌಂಟರ್ ಸಿನಿಮಾಗಳಿಗೆ ಶಿಳ್ಳೆ ಹೊಡೆದು ಬೆಳೆದ ನಮಗೆ ಇದು ವಿಚಿತ್ರ ಅನ್ನಿಸೋದೇ ಇಲ್ಲ. ಅನ್ನಿಸಬೇಕು. ಆಟಗಳು ನಮಗೆ ಭಾಷಣ ಮಾಡುವುದಿಲ್ಲ. ಯಾವುದಕ್ಕೆ ಅಂಕ ಕೊಡುತ್ತವೋ ಅದನ್ನು ಸರಿ ಅಂತ ಬೆರಳಿಗೆ ಅಭ್ಯಾಸ ಮಾಡಿಸುತ್ತವೆ.

2007ರ ಕೊನೆಗೆ ‘ಎಕ್ಸ್‌ಟ್ರೀಮ್ ಜಸ್ಟಿಸ್’ ಎಂಬ ಎರಡನೇ ಭಾಗ ಬಂತು. 2012ರಲ್ಲಿ ಸೋನಿ ಆ ಸ್ಟುಡಿಯೋವನ್ನೇ ಮುಚ್ಚಿತು. ಇಷ್ಟೆಲ್ಲ ಬೈದರೂ, ಹಳೇ ಪಿಎಸ್‌ಪಿ ಯಾರ ಹತ್ತಿರವಾದರೂ ಇದ್ದರೆ ಕೇಳಿ ಪಡೆದು ಇದನ್ನೊಮ್ಮೆ ಆಡಿ ಅಂತಲೇ ಹೇಳ್ತೀನಿ. ಮೊದಲ ಕೆಲವು ಮಿಷನ್ ಸಾಕು. ಆ ಹಾರಾಟದ ರುಚಿ ಅಷ್ಟರಲ್ಲಿ ಸಿಕ್ಕಿರುತ್ತದೆ, ಮೇಲಧಿಕಾರಿಯ ಬೈಗುಳವೂ ಸಾಕಾಗಿರುತ್ತದೆ.