ವಾಲಿದ ಚಕ್ರ, ತಪ್ಪಿಸಿಕೊಂಡ ಕಾರು

ರೇಸ್ ಕಾರಿನ ಫೋಟೋ ಚೆನ್ನಾಗಿದೆ ಅಂತ ನಾವು ಯಾವಾಗ ಹೇಳ್ತೀವಿ? ಟೈರಿನ ಮೇಲಿರೋ ಕಂಪನಿ ಹೆಸರು ಓದೋಕೆ ಬಂದಾಗ. ‘ಸಖತ್ ಶಾರ್ಪ್ ಗುರು, ಯಾವ ಲೆನ್ಸು?’ ಅನ್ನೋದು ಅದರ ಹಿಂದೆಯೇ ಬರುವ ಪ್ರಶ್ನೆ. ನನ್ನ ತಕರಾರು ಇರೋದು ಈ ಹೊಗಳಿಕೆಯ ಬಗ್ಗೆಯೇ. ಟೈರಿನ ಅಕ್ಷರ ಓದುವಷ್ಟು ಗಟ್ಟಿಯಾಗಿ ನಿಂತುಬಿಟ್ಟ ಕಾರು ಓಡ್ತಾ ಇತ್ತು ಅಂತ ನಂಬೋದು ಹೇಗೆ? ಶೋರೂಮ್ ಮುಂದೆ ನಿಲ್ಲಿಸಿದ ಕಾರಿಗೂ ಅದಕ್ಕೂ ಇರುವ ವ್ಯತ್ಯಾಸ ಒಳಗೆ ಕೂತವನ ಹೆಲ್ಮೆಟ್ಟು, ಅಷ್ಟೇ.

ಲೆಕ್ಕ ಹಾಕಿ ನೋಡಿ. ಗಂಟೆಗೆ 200 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ ಸುಮಾರು 55 ಮೀಟರ್ ಹೋಗುತ್ತದೆ. ಶಟರ್ ತೆರೆದಿರೋದು ಸೆಕೆಂಡಿನ ಎರಡು ಸಾವಿರದ ಒಂದು ಭಾಗ ಮಾತ್ರ ಅಂದರೆ, ಅಷ್ಟರಲ್ಲಿ ಕಾರು ಮೂರು ಸೆಂಟಿಮೀಟರ್ ಕೂಡ ಸರಿದಿರೋದಿಲ್ಲ. ಅದೇ ಅರವತ್ತರಲ್ಲಿ ಒಂದು ಭಾಗ ಅಂದರೆ ಹೆಚ್ಚುಕಡಿಮೆ ಒಂದು ಮೀಟರ್. ದುಬಾರಿ ಕ್ಯಾಮೆರಾ ಕೊಂಡವರು ಈ ಒಂದು ಮೀಟರನ್ನು ಅಳಿಸಲು ಹೆಣಗುತ್ತಾರೆ. ಆದರೆ ವೇಗ ಅನ್ನೋದು ಇರೋದೇ ಆ ಒಂದು ಮೀಟರಿನಲ್ಲಿ.

ಇದನ್ನು ನನಗೆ ಕಲಿಸಿದ್ದು ನೂರು ವರ್ಷದಷ್ಟು ಹಳೆಯ ಒಂದು ಕಪ್ಪು-ಬಿಳುಪು ಫೋಟೋ. ತೆಗೆದವನು ಫ್ರಾನ್ಸಿನ ಜಾಕ್ ಆನ್ರಿ ಲಾರ್ತೀಗ್, ಹುಟ್ಟಿದ್ದು 1894ರಲ್ಲಿ. ಫ್ರೆಂಚ್ ಗ್ರಾನ್ ಪ್ರಿ ರೇಸಿನ ಈ ಚಿತ್ರ ಪುಸ್ತಕಗಳಲ್ಲಿ ಸಾಮಾನ್ಯವಾಗಿ 1912ರದ್ದು ಅಂತ ದಾಖಲಾಗಿದೆ. ಆಗಿನ್ನೂ ಅವನು ಹದಿಹರೆಯದ, ಹವ್ಯಾಸಕ್ಕೆ ಫೋಟೋ ತೆಗೆಯುತ್ತಿದ್ದ ಹುಡುಗ. ಚಿತ್ರದಲ್ಲಿ 6ನೇ ನಂಬರಿನ ಕಾರಿದೆ. ಅದರ ಮೂತಿ ಚೌಕಟ್ಟಿನಿಂದ ಆಚೆ ಹೋಗಿಬಿಟ್ಟಿದೆ. ಹಿಂದಿನ ಚಕ್ರ ದುಂಡಗಿಲ್ಲ, ಮೊಟ್ಟೆಯಾಕಾರಕ್ಕೆ ತಿರುಗಿ ಮುಂದಕ್ಕೆ ವಾಲಿದೆ. ರಸ್ತೆ ಬದಿಯ ಜನ, ಕಂಬಗಳು ಮಾತ್ರ ಗಾಳಿಗೆ ಸಿಕ್ಕಿದ ಹಾಗೆ ಹಿಂದಕ್ಕೆ ವಾಲಿವೆ.

ಇದು ಡಾರ್ಕ್‌ರೂಮ್ ಚಮತ್ಕಾರ ಅಲ್ಲ. ಅವನ ಕ್ಯಾಮೆರಾದ ಶಟರ್ ಒಂದು ಪರದೆ. ಅದರಲ್ಲಿದ್ದ ಸೀಳು ಗಾಜಿನ ಪ್ಲೇಟಿನ ಮುಂದೆ ಹಾದುಹೋಗುವಾಗ ಚಿತ್ರ ಪಟ್ಟಿಪಟ್ಟಿಯಾಗಿ ಮೂಡುತ್ತಿತ್ತು. ಚಕ್ರದ ಬುಡ ಮೊದಲು, ನೆತ್ತಿ ಆಮೇಲೆ. ಅಷ್ಟರೊಳಗೆ ಕಾರು ಮುಂದೆ ಹೋಗಿತ್ತು. ಹುಡುಗ ಕ್ಯಾಮೆರಾವನ್ನು ಕಾರಿನ ಜೊತೆ ತಿರುಗಿಸುತ್ತಿದ್ದ, ಆದರೆ ಕಾರಿನಷ್ಟು ಬೇಗ ಅಲ್ಲ. ಅದಕ್ಕೇ ಕಾರು ಮುಂದಕ್ಕೆ, ನಿಂತ ಜನ ಹಿಂದಕ್ಕೆ ವಾಲಿದರು. ಇವತ್ತಿಗೂ ಕಾರ್ಟೂನಿನಲ್ಲಿ ಜೋರಾಗಿ ಓಡುವ ಕಾರಿನ ಚಕ್ರ ಹಾಗೇ ವಾಲಿರುತ್ತದೆ.

ಈ ಫೋಟೋದಲ್ಲಿ ಕಾರಿನಷ್ಟೇ ಎದ್ದು ಕಾಣೋದು ಅದನ್ನು ತೆಗೆದ ಹುಡುಗ. ಅವನು ಕಾಣದೆಯೂ ಕಾಣ್ತಾನೆ. ಕತ್ತು ತಿರುಗಿಸಿದ್ದು, ಹಿಂದೆ ಬಿದ್ದದ್ದು, ಕಾರು ತಪ್ಪಿಸಿಕೊಂಡದ್ದು ಎಲ್ಲ ಪ್ಲೇಟಿನ ಮೇಲಿದೆ. ಶಾರ್ಪ್ ಫೋಟೋದಲ್ಲಿ ಈ ಮನುಷ್ಯನೇ ಇರೋದಿಲ್ಲ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ 1963ರಲ್ಲಿ ಲಾರ್ತೀಗನ ಚಿತ್ರಗಳ ಪ್ರದರ್ಶನ ಮಾಡಿದಾಗ ಅವನಿಗೆ ಹತ್ತಿರಹತ್ತಿರ ಎಪ್ಪತ್ತು. ಅಲ್ಲಿಯತನಕ ಅವನು ತನ್ನನ್ನು ಚಿತ್ರಕಾರ ಅಂತಲೇ ಅಂದುಕೊಂಡಿದ್ದ.

ಹಾಗಂತ ಮಸುಕಾದದ್ದೆಲ್ಲ ಕಲೆ ಅಂತ ನಾನು ಹೇಳ್ತಿಲ್ಲ. ಲಾರ್ತೀಗನ ಚಿತ್ರದಲ್ಲಿ ಆ 6 ಅನ್ನೋ ಅಂಕಿ ಸ್ಪಷ್ಟವಾಗಿದೆ. ಕಣ್ಣಿಗೆ ಹಿಡಿದುಕೊಳ್ಳಲು ಒಂದಾದರೂ ಗಟ್ಟಿ ಜಾಗ ಬೇಕು. ಎಲ್ಲವೂ ಕಲಸಿಹೋದರೆ ಅದು ವೇಗ ಅಲ್ಲ, ಕೈ ನಡುಗಿದ್ದು. ಯಾರ ಚಕ್ರ ಗೆರೆ ದಾಟಿತು ಅನ್ನೋ ಜಗಳ ಬಿಡಿಸಲು ಶಾರ್ಪ್ ಫೋಟೋನೇ ಬೇಕು, ಅದೂ ನಿಜ.

ಪುಟ್ಟ ಕಾಂಪ್ಯಾಕ್ಟ್ ಕ್ಯಾಮೆರಾ ಹಿಡಿದು ರೇಸಿಗೆ ಹೋಗುವವರ ಪರ ನಾನು ವಾದಿಸೋದು ಇದಕ್ಕೇ. ಬೆಂಗಳೂರಿನಿಂದ ಚೆನ್ನೈ ಹೆದ್ದಾರಿ ಹಿಡಿದು ಶ್ರೀಪೆರಂಬುದೂರಿನ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆ ಹೋಗುವ ಎಷ್ಟೋ ಹುಡುಗ ಹುಡುಗಿಯರು, ದೊಡ್ಡ ಲೆನ್ಸ್ ಇಲ್ಲ ಅಂತ ಜೇಬಿನ ಕ್ಯಾಮೆರಾನ ಹೊರಗೇ ತೆಗೆಯೋದಿಲ್ಲ. ಬಟನ್ ಒತ್ತಿದ ಮೇಲೆ ಅದು ಫೋಕಸ್ ಹುಡುಕುತ್ತಾ ಅರ್ಧ ಸೆಕೆಂಡ್ ತಡ ಮಾಡಿದರೆ ಕಾರು 27 ಮೀಟರ್ ದಾಟಿರುತ್ತದೆ, ಒಪ್ಪಿದೆ. ಆದರೆ ಕಾರು ಬರುವ ಮೊದಲೇ ಅದು ಹಾದುಹೋಗುವ ಜಾಗಕ್ಕೆ ಗುರಿಯಿಟ್ಟು ಬಟನ್ ಅರ್ಧ ಒತ್ತಿ ಹಿಡಿಯಬಹುದಲ್ಲ? ಐಎಸ್‌ಒ ಕಡಿಮೆ ಇಟ್ಟು ಶಟರ್ ನಿಧಾನ ಮಾಡಬಹುದು. ಕಾಲು ಊರಿ, ಸೊಂಟದಿಂದ ತಿರುಗುತ್ತಾ ಕಾರನ್ನು ಹಿಂಬಾಲಿಸಿ, ಒತ್ತಿದ ಮೇಲೂ ತಿರುಗುತ್ತಲೇ ಇರಬಹುದು. ತಂತಿಬೇಲಿಯ ಕಿಂಡಿಗೆ ಆ ಪುಟ್ಟ ಲೆನ್ಸ್ ಸಲೀಸಾಗಿ ಹೊಂದುತ್ತದೆ, ದೊಡ್ಡದಕ್ಕೆ ಆ ಭಾಗ್ಯ ಇಲ್ಲ.

ಇಪ್ಪತ್ತರಲ್ಲಿ ಹತ್ತೊಂಬತ್ತು ಫೋಟೋ ಹಾಳಾಗುತ್ತವೆ. ಅವನ್ನು ಡಿಲೀಟ್ ಮಾಡುವ ಮೊದಲು ಒಂದು ನಿಮಿಷ ನೋಡಿ. ಬಾನೆಟ್ ಕತ್ತರಿಸಿಹೋದ, ಹಿನ್ನೆಲೆಯೆಲ್ಲ ಗೆರೆಯಾದ, ಡ್ರೈವರ್ ಹೆಲ್ಮೆಟ್ ಮಾತ್ರ ನೆಟ್ಟಗಿರುವ ಒಂದು ಅದರಲ್ಲಿದ್ದರೆ ಉಳಿಸಿಕೊಳ್ಳಿ. ಕಾರು ಎಷ್ಟು ಚೆಂದ ಇತ್ತು ಅಂತ ಕಂಪನಿಯ ಪೋಸ್ಟರ್ ಹೇಳುತ್ತದೆ. ಅದು ನಿಮ್ಮ ಮುಂದಿನಿಂದ ಹೇಗೆ ಹೋಯಿತು ಅನ್ನೋದನ್ನು ಹೇಳಲು ಇರುವುದು ನಿಮ್ಮ ಆ ಕೆಟ್ಟ ಫೋಟೋ ಒಂದೇ.