ಒಳಗಿರುವವನ ಉಸಿರು

ಜಪಾನಿನ ಹಳೆಯ ದೈತ್ಯಪ್ರಾಣಿ ಸಿನಿಮಾಗಳನ್ನು ಒಬ್ಬರೇ ಕೂತು ಮೊಬೈಲಿನಲ್ಲಿ ನೋಡುವುದಕ್ಕೆ ನನ್ನ ಒಪ್ಪಿಗೆಯಿಲ್ಲ. 50 ಮೀಟರ್ ಎತ್ತರದ ಪ್ರಾಣಿಯನ್ನು ಅಂಗೈಯಗಲದಲ್ಲಿ ನೋಡಿದರೆ ಅದರ ಎತ್ತರವೂ ಹೋಯಿತು, ಭಯವೂ ಹೋಯಿತು. ಗೋಡೆಗೆ ಬಿಳಿ ಪಂಚೆ ಕಟ್ಟಿ, ಪ್ರೊಜೆಕ್ಟರ್ ಬಿಟ್ಟು, ಸ್ಪೀಕರಿನ ದನಿ ಏರಿಸಿ, ಈ ಸಿನಿಮಾಗಳ ಹುಚ್ಚಿರುವ ನಾಲ್ಕು ಮಂದಿ ಒಟ್ಟಿಗೆ ನೋಡಬೇಕು.

ನಮ್ಮ ಬಳಗ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಹಂಚಿಹೋಗಿದೆ. ಮೊದಲ ಮೂರು ಊರಿನವರಿಗೆ ಒಂದೆಡೆ ಸೇರುವುದು ಅಷ್ಟು ಕಷ್ಟವಲ್ಲ. ಜಗಳೂರಿನವರು ದಾವಣಗೆರೆ ಹಾದು ಜಿಲ್ಲೆಯ ಈ ತುದಿಗೆ ಬರಬೇಕು. ಅಡಿಕೆ ಕೊಯ್ಲು ಶುರುವಾದರೆ ಚನ್ನಗಿರಿಯವರು ಸಿಗುವುದಿಲ್ಲ, ಮೆಕ್ಕೆಜೋಳ ಒಕ್ಕುವ ಹೊತ್ತಿಗೆ ಜಗಳೂರಿನವರು ಅಲುಗುವುದಿಲ್ಲ. ಇದರ ನಡುವೆ ಬಿಡುವಾದ ಒಂದು ಶನಿವಾರ ರಾತ್ರಿ, ಮಂಡಕ್ಕಿ ಮೆಣಸಿನಕಾಯಿ ಮುಂದಿಟ್ಟುಕೊಂಡು, ಒಂದೇ ಸಿನಿಮಾ. ಒಂದೇ ಎಂಬುದರಲ್ಲಿ ನನ್ನದು ಹಟ. ಎರಡನೆಯದು ಶುರುವಾದರೆ ಮೊದಲನೆಯದರ ಬಗ್ಗೆ ಮಾತಾಡಲು ಹೊತ್ತು ಉಳಿಯುವುದಿಲ್ಲ. ಆ ಮಾತಿಗಾಗಿಯೇ ತಾನೇ ಎಲ್ಲರೂ ಅಷ್ಟು ದೂರದಿಂದ ಬಂದಿರುವುದು?

ಬಳಗದ ಹಲವರಿಗೆ, ಮನೆಯಿಂದ ಜತೆಗೆ ಬರುವ ಹಿರಿಯರಿಗಂತೂ, ಇಂಗ್ಲಿಷ್ ಸಬ್‌ಟೈಟಲ್ ಓಡುವ ವೇಗಕ್ಕೆ ಓದಲಾಗುವುದಿಲ್ಲ. ಹೀಗಾಗಿ ಹೊನ್ನಾಳಿಯ ಮೇಷ್ಟ್ರೊಬ್ಬರು ಪರದೆಯ ಪಕ್ಕ ಕುರ್ಚಿ ಹಾಕಿಕೊಂಡು ಮಾತುಗಳನ್ನು ಕನ್ನಡದಲ್ಲಿ ಹೇಳುತ್ತಾ ಹೋಗುತ್ತಾರೆ. ವಿಜ್ಞಾನಿಗೆ ಒಂದು ದನಿ, ಮೀನುಗಾರರಿಗೆ ಒಂದು ದನಿ. ಇದು ಅನುಕೂಲಕ್ಕೆಂದು ನಾವು ಮಾಡಿಕೊಂಡ ವ್ಯವಸ್ಥೆ. ಆದರೆ ಜಪಾನೀಯರೇ ತಮ್ಮ ಮೂಕಿಚಿತ್ರಗಳನ್ನು ನೋಡಿದ್ದು ಹೀಗೆ. ಅಲ್ಲಿ ಪರದೆಯ ಪಕ್ಕ ನಿಂತು ಕಥೆ ಹೇಳಿ, ಎಲ್ಲ ಪಾತ್ರಗಳ ಮಾತನ್ನೂ ಆಡುವವರನ್ನು ಬೆನ್ಷಿ ಎನ್ನುತ್ತಿದ್ದರು. ಜನ ನಟರಿಗಿಂತ ಹೆಚ್ಚಾಗಿ ಬೆನ್ಷಿಯ ಹೆಸರು ಕೇಳಿ ಟಿಕೆಟ್ ಕೊಳ್ಳುತ್ತಿದ್ದ ಕಾಲವೊಂದಿತ್ತು. ಅಕಿರಾ ಕುರೊಸಾವಾ ಅವರ ಅಣ್ಣ ಹೆಯ್ಗೊ ಬೆನ್ಷಿಯಾಗಿದ್ದವರು. ಟಾಕಿ ಬಂದು ಆ ಕಸುಬು ಮುಳುಗಿತು. ನಮ್ಮ ಮೇಷ್ಟ್ರು ಕನ್ನಡದಲ್ಲಿ ಮಾತಾಡುವಾಗ ಸಿನಿಮಾ ಜಪಾನಿನದಾಗಿಯೇ ಉಳಿಯುತ್ತದೆ, ಹಿಂದಿನಿಂದ ಮೂಲ ನಟರ ದನಿ ಕೇಳುತ್ತಲೇ ಇರುತ್ತದೆ. ಡಬ್ ಮಾಡಿದ ಪ್ರತಿಯಲ್ಲಿ ಆ ಸುಖವಿಲ್ಲ.

ಶುರು ಮಾಡಬೇಕಾದದ್ದು 'ಗೊಜಿರಾ'ದಿಂದಲೇ, ಇಂಗ್ಲಿಷಿನಲ್ಲಿ 'ಗಾಡ್ಜಿಲ್ಲಾ' ಆದದ್ದು ಇದೇ. 1954ರ ನವೆಂಬರ್ 3ರಂದು ತೊಹೊ ಕಂಪನಿ ಬಿಡುಗಡೆ ಮಾಡಿದ ಕಪ್ಪು ಬಿಳುಪಿನ ಚಿತ್ರ. ನಿರ್ಮಾಪಕ ತೊಮೊಯುಕಿ ತನಾಕಾ, ನಿರ್ದೇಶಕ ಇಶಿರೊ ಹೊಂಡಾ, ಪ್ರಾಣಿಯನ್ನೂ ಪಟ್ಟಣವನ್ನೂ ಕಟ್ಟಿ ಕೆಡವಿದವರು ಎಯ್ಜಿ ತ್ಸುಬುರಾಯಾ. ಅದೇ ವರ್ಷ ಮಾರ್ಚ್ 1ರಂದು ಅಮೆರಿಕ ಬಿಕಿನಿ ದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿ ನೋಡಿತು. ದೂರದಲ್ಲಿ ಟ್ಯೂನಾ ಹಿಡಿಯುತ್ತಿದ್ದ ಜಪಾನಿ ದೋಣಿಯೊಂದರ ಮೇಲೆ, ಅದರಲ್ಲಿದ್ದ 23 ಜನರ ಮೇಲೆ, ಬಿಳಿ ಬೂದಿ ಸುರಿಯಿತು. ದೋಣಿಯ ರೇಡಿಯೋ ಆಪರೇಟರ್ ಐಕಿಚಿ ಕುಬೊಯಾಮಾ ಸೆಪ್ಟೆಂಬರ್ 23ರಂದು ತೀರಿಕೊಂಡರು. ಚಿತ್ರೀಕರಣ ಆಗ ನಡೆಯುತ್ತಲೇ ಇತ್ತು. ಚಿತ್ರದ ಮೊದಲ ದೃಶ್ಯದಲ್ಲಿ ಹಡಗಿನ ಕೆಲಸಗಾರರು ಡೆಕ್ಕಿನ ಮೇಲೆ ಆರಾಮವಾಗಿ ಕೂತಿರುವಾಗ ಸಮುದ್ರ ಝಗ್ಗನೆ ಬೆಳಗುತ್ತದೆ. ಅಂದು ಥಿಯೇಟರಿನಲ್ಲಿ ಕೂತವರಿಗೆ ಯಾರೂ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮಲ್ಲಿ ಹೇಳಬೇಕಾಗುತ್ತದೆ. ಹೊಸಬರು ಬಂದಾಗ ಚಿತ್ರ ಹಾಕುವ ಮುಂಚೆ ಈ ದೋಣಿಯ ಕಥೆ ಹೇಳಿಯೇ ದೀಪ ಆರಿಸುತ್ತೇವೆ.

ಹೊಂಡಾ ಯುದ್ಧಕ್ಕೆ ಹೋಗಿದ್ದವರು. ಚೀನಾದಿಂದ ಮರಳಿ ಬರುವಾಗ ಹಿರೋಷಿಮಾದ ಹಾಳನ್ನು ಕಣ್ಣಾರೆ ಕಂಡವರು. ಟೋಕಿಯೋ ಸುಟ್ಟು ಆಗ ಇನ್ನೂ ಒಂಬತ್ತೇ ವರ್ಷ. ಅದಕ್ಕೇ ಈ ಚಿತ್ರದಲ್ಲಿ ಪ್ರಾಣಿ ಬಂದುಹೋದ ಮೇಲಿನ ಬೆಳಗಿಗೆ ಅಷ್ಟೊಂದು ಜಾಗ ಸಿಕ್ಕಿದೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಸಾಲಾಗಿ ಮಲಗಿಸಿದ ಗಾಯಾಳುಗಳು. ಒಂದು ಮಗುವಿನ ಮುಂದೆ ವಿಕಿರಣ ಅಳೆಯುವ ಯಂತ್ರ ಹಿಡಿದು, ಏನೂ ಹೇಳಲಾಗದೆ ತಲೆಯಾಡಿಸುವ ವೈದ್ಯ. ಅದಕ್ಕೂ ಮುಂಚೆ, ಪಟ್ಟಣ ಉರಿಯುತ್ತಿರುವ ರಾತ್ರಿ, ಮಕ್ಕಳನ್ನು ಅಪ್ಪಿಕೊಂಡು, ಇನ್ನೇನು ಅಪ್ಪನ ಹತ್ತಿರ ಹೋಗುತ್ತೇವೆ ಎನ್ನುವ ತಾಯಿ. ಮಂಡಕ್ಕಿ ಜಗಿಯುವ ಸದ್ದು ನಿಲ್ಲುವುದು ಇಲ್ಲಿ. 1956ರಲ್ಲಿ ಅಮೆರಿಕದವರು ಈ ಚಿತ್ರವನ್ನು ಕತ್ತರಿಸಿ, ರೇಮಂಡ್ ಬರ್ ಎಂಬ ತಮ್ಮ ನಟನನ್ನು ನಡುವೆ ಸೇರಿಸಿ, ಬಾಂಬಿನ ಮಾತನ್ನು ಬಹಳಷ್ಟು ಕಡಿಮೆ ಮಾಡಿ ಬಿಟ್ಟರು. ಜಗತ್ತಿನ ಬಹುಪಾಲು ಜನ ಎಷ್ಟೋ ವರ್ಷ ನೋಡಿದ್ದು ಆ ಪ್ರತಿಯನ್ನೇ. ಮೂಲ 96 ನಿಮಿಷ, ಕತ್ತರಿಸಿದ್ದು ಸುಮಾರು 80. ಕೊಳ್ಳುವಾಗ, ಇಳಿಸಿಕೊಳ್ಳುವಾಗ ಈ ನಿಮಿಷಗಳನ್ನು ನೋಡಿಕೊಳ್ಳಿ.

ಮೊದಲ ಇಪ್ಪತ್ತು ನಿಮಿಷ ಪ್ರಾಣಿ ಕಾಣಿಸುವುದಿಲ್ಲ. ಅದನ್ನು ಓಡಿಸಿ ಮುಂದಕ್ಕೆ ಹೋಗುವವರಿಗೆ ನಮ್ಮ ಪಂಚೆಯ ಮುಂದೆ ಜಾಗವಿಲ್ಲ. ಆ ಹೊತ್ತಿನಲ್ಲೇ ಓದೊ ಎಂಬ ದ್ವೀಪದ ಮುದುಕನೊಬ್ಬ ಹಳೆಯ ಕಥೆ ಹೇಳುವುದು: ಮೀನು ಸಿಗದ ಕಾಲಕ್ಕೆ ಊರಿನ ಒಬ್ಬಳು ಹುಡುಗಿಯನ್ನು ಸಮುದ್ರಕ್ಕೆ ಕಳಿಸುತ್ತಿದ್ದರಂತೆ, ಈಗ ಕುಣಿತ ಮಾತ್ರ ಉಳಿದಿದೆಯಂತೆ. ನಮ್ಮಲ್ಲಿ ಯಾರಾದರೊಬ್ಬರು ಆಗ ಕೆರೆಗೆ ಹಾರವಾದ ಭಾಗೀರಥಿಯ ಹೆಸರೆತ್ತದೆ ಇರುವುದಿಲ್ಲ. ಸೂಳೆಕೆರೆಯ ಏರಿಯ ಮೇಲೆ ಓಡಾಡಿ ಬೆಳೆದ ಚನ್ನಗಿರಿಯವರಿಗೆ, ದೊಡ್ಡ ನೀರಿಗೆ ಹೆಣ್ಣಿನ ಹೆಸರು ಅಂಟಿಕೊಂಡಿರುವುದು ಹೊಸ ಸಂಗತಿಯೇ ಅಲ್ಲ.

ಈಗ ವೇಷದ ವಿಷಯ. ಗೊಜಿರಾ ಒಬ್ಬ ಮನುಷ್ಯ. ಹರುವೊ ನಕಾಜಿಮಾ ಎಂಬ ನಟ ರಬ್ಬರಿನ ವೇಷ ತೊಟ್ಟು, ಇಪ್ಪತ್ತೈದು ಪಟ್ಟು ಚಿಕ್ಕದಾಗಿ ಕಟ್ಟಿದ ಟೋಕಿಯೋದ ನಡುವೆ ನಡೆದರು. 'ಕಿಂಗ್ ಕಾಂಗ್'ನ ಹಾಗೆ ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಸರಿಸಿ ಚಿತ್ರ ತೆಗೆಯಬೇಕೆಂಬ ಆಸೆ ತ್ಸುಬುರಾಯಾ ಅವರಿಗಿತ್ತು. ಕಂಪನಿ ಕೊಟ್ಟ ಕೆಲವೇ ತಿಂಗಳಲ್ಲಿ ಅದು ಸಾಧ್ಯವಿರಲಿಲ್ಲ. ಬಿದಿರು ಸೀಳಿ, ತಂತಿ ಬಿಗಿದು ಹಂದರ ಮಾಡಿ, ಅದರ ಮೇಲೆ ರಬ್ಬರ್ ಬಳಿದರು. ತೂಕ ಸುಮಾರು 100 ಕೆ.ಜಿ. ಉರಿಯುವ ದೀಪಗಳ ಕೆಳಗೆ ನಿಮಿಷಗಳಲ್ಲೇ ಉಸಿರು ಸಿಕ್ಕಿಕೊಳ್ಳುತ್ತಿತ್ತು. ನಕಾಜಿಮಾ ಉಯೆನೊ ಮೃಗಾಲಯಕ್ಕೆ ಹೋಗಿ ಆನೆ, ಕರಡಿಗಳು ಪಾದ ಎತ್ತಿಡುವುದನ್ನು ನೋಡಿ ಕಲಿತುಕೊಂಡರು. ಕ್ಯಾಮೆರಾವನ್ನು ವೇಗವಾಗಿ ಓಡಿಸಿ ತೆಗೆದದ್ದನ್ನು ಮಾಮೂಲಿ ವೇಗದಲ್ಲಿ ತೋರಿಸಿದಾಗ ಪ್ರತಿ ಹೆಜ್ಜೆಯೂ ನಿಧಾನವಾಗಿ ಬೀಳುತ್ತದೆ, ಕುಸಿಯುವ ಗೋಡೆ ನಿಜವಾದ ಕಟ್ಟಡದ ಹಾಗೆ ತಡೆದು ತಡೆದು ಇಳಿಯುತ್ತದೆ. ಇಂದಿನ ಕಂಪ್ಯೂಟರ್ ಪ್ರಾಣಿಗಳಲ್ಲಿ ನನಗೆ ಸಿಗದೆ ಹೋಗುವುದು ಈ ಭಾರವೇ.

ವೇಷದ ಈ ಆಟ ನಮ್ಮ ಕಡೆಯವರಿಗೆ ತಟ್ಟನೆ ಅರ್ಥವಾಗುವುದಕ್ಕೆ ಕಾರಣವಿದೆ. ಜಾತ್ರೆಯ ಮೆರವಣಿಗೆಯಲ್ಲಿ ಗಾರುಡಿಗೊಂಬೆ ಬರುವುದನ್ನು ನೋಡಿದ್ದೇವೆ. ಅದಕ್ಕೂ ಬಿದಿರಿನ ಹಂದರ, ಅದರೊಳಗೂ ಒಬ್ಬ ಆಳು. ಒಳಗಿರುವವನು ಯಾರ ಮನೆಯವನು ಎಂದು ಗೊತ್ತಿದ್ದರೂ ಮಕ್ಕಳು ಹೆದರುತ್ತವೆ, ದೊಡ್ಡವರು ದಾರಿ ಬಿಡುತ್ತಾರೆ. ನಂಬಿಕೆ ಹುಟ್ಟಲು ಮೋಸ ಹೋಗಬೇಕಾಗಿಲ್ಲ. ವೇಷದ ಹಿಂಬದಿಯ ಜಿಪ್ ಕಂಡಿತೆಂದು ನಗುವ ಪಟ್ಟಣದ ಹುಡುಗರಿಗಿಂತ ನ್ಯಾಮತಿಯ ಗೆಳೆಯನ ದೊಡ್ಡಪ್ಪ ಈ ಸಿನಿಮಾವನ್ನು ಚೆನ್ನಾಗಿ ನೋಡಿದರು. ಗೊಜಿರಾ ಗಿಂಜಾ ಬೀದಿಯಲ್ಲಿ ಬಾಲ ಬೀಸುತ್ತಿದ್ದಾಗ ಅವರು ಕೇಳಿದ್ದು ಒಂದೇ ಮಾತು: "ಒಳಗಿರೋನಿಗೆ ಉಸಿರು ಕಟ್ಟಲ್ವೇನಪ್ಪಾ?" ನಕಾಜಿಮಾ 1972ರವರೆಗೂ ಆ ವೇಷ ತೊಟ್ಟರು. ಅದೇ 1954ರಲ್ಲಿ ಕುರೊಸಾವಾರ 'ಸೆವೆನ್ ಸಮುರಾಯ್'ನಲ್ಲಿ ಡಕಾಯಿತನಾಗಿ ಬಂದುಹೋಗುವವರೂ ಅವರೇ. ಆ ಚಿತ್ರದ ಹಿರಿಯ ಸಮುರಾಯ್ ತಕಾಷಿ ಶಿಮುರಾ, ಇಲ್ಲಿ ಪ್ರಾಣಿಯನ್ನು ಕೊಲ್ಲಬಾರದೆಂದು ಸಂಕಟಪಡುವ ಪ್ರೊಫೆಸರ್ ಯಮಾನೆ.

ದನಿ ಏರಿಸಿ ಎಂದೆನಲ್ಲ, ಅದು ಅಕಿರಾ ಇಫುಕುಬೆ ಅವರಿಗಾಗಿ. ಹೊಕ್ಕೈಡೊದಲ್ಲಿ ಹುಟ್ಟಿ, ಅರಣ್ಯಶಾಸ್ತ್ರ ಓದಿ, ಅರಣ್ಯ ಇಲಾಖೆಯಲ್ಲಿ ಕೆಲಸ ಮಾಡಿದ ಸಂಗೀತಗಾರ. ಗೊಜಿರಾದ ಕೂಗು ಯಾವ ಪ್ರಾಣಿಯದೂ ಅಲ್ಲ. ಡಬಲ್ ಬಾಸ್ ವಾದ್ಯದ ತಂತಿಯನ್ನು ಸಡಿಲಿಸಿ, ರಾಳ ಹಚ್ಚಿದ ಚರ್ಮದ ಕೈಗವಸಿನಿಂದ ಅದನ್ನು ಎಳೆದು, ಆ ಸದ್ದನ್ನು ನಿಧಾನಗೊಳಿಸಿ ಹುಟ್ಟಿಸಿದ್ದು. ಮೊಬೈಲಿನ ಸ್ಪೀಕರಿನಲ್ಲಿ ಅದು ಬರೀ ಕೀರಲು. ದೊಡ್ಡ ಸ್ಪೀಕರಿನಲ್ಲಿ ಎದೆಯೊಳಗೆ ಇಳಿಯುತ್ತದೆ.

ಟೆಂಟ್ ಟಾಕೀಸಿನ ನೆಲದ ಮೇಲೆ ಕೂತು ಸಿನಿಮಾ ನೋಡಿದ ತಲೆಮಾರಿಗೆ ಅದ್ಭುತವನ್ನು ಒಟ್ಟಿಗೆ ನೋಡುವುದು ರೂಢಿಯಾಗಿತ್ತು. ಉಡುಪಿ ಕಡೆಯಿಂದ ಬಂದು ಅರಸೀಕೆರೆಯಲ್ಲಿ ಟೂರಿಂಗ್ ಟಾಕೀಸ್ ನಡೆಸಿದ ಬಿ. ವಿಠಲಾಚಾರ್ಯರು ಆ ಪ್ರೇಕ್ಷಕರ ಕಣ್ಣು ಅರಳುವುದನ್ನು ಹತ್ತಿರದಿಂದ ಬಲ್ಲವರು. ಡಿ. ಶಂಕರ್ ಸಿಂಗ್ ಜತೆ ಸೇರಿ ಕಟ್ಟಿದ ಮಹಾತ್ಮಾ ಪಿಕ್ಚರ್ಸ್‌ನಿಂದ 'ನಾಗಕನ್ನಿಕಾ', 'ಜಗನ್ಮೋಹಿನಿ' ಬಂದವು. ಆಮೇಲೆ ಅವರು ಮದರಾಸಿನಲ್ಲಿ ತೆಗೆದ ತೆಲುಗು ಜಾನಪದ ಚಿತ್ರಗಳ ರಾಕ್ಷಸರು, ಅಸ್ಥಿಪಂಜರಗಳು ನಮ್ಮ ಊರುಗಳಿಗೂ ಪರಿಚಿತರೇ. ತ್ಸುಬುರಾಯಾ ಮತ್ತು ವಿಠಲಾಚಾರ್ಯ ಇಬ್ಬರೂ ಬಣ್ಣದ ಹಲಗೆ, ಕ್ಯಾಮೆರಾದ ಕೈಚಳಕ ಇಷ್ಟರಲ್ಲೇ ಲೋಕ ಕಟ್ಟಿದವರು. ಜಪಾನಿನವರು ತಮ್ಮವರ ಗೊಂಬೆ, ವೇಷ, ನಕಾಶೆಗಳನ್ನು ಜತನದಿಂದ ಎತ್ತಿಟ್ಟಿದ್ದಾರೆ. ತ್ಸುಬುರಾಯಾ ಹುಟ್ಟಿದ ಸುಕಾಗಾವಾದಲ್ಲಿ ಅದಕ್ಕೊಂದು ಸಂಗ್ರಹಾಲಯವೇ ಇದೆ. ವಿಠಲಾಚಾರ್ಯರ ಬಗ್ಗೆಯೂ ನಾವು ಅಷ್ಟು ಪ್ರೀತಿ ತೋರಬೇಕಿತ್ತು.

ಎರಡನೆಯದಾಗಿ 1956ರ 'ರೊಡಾನ್' ನೋಡಿ. ಬಣ್ಣದ ಚಿತ್ರ. ಕಲ್ಲಿದ್ದಲು ಗಣಿಯಲ್ಲಿ ಕಾರ್ಮಿಕರು ಕಾಣೆಯಾಗುವುದರಿಂದ ಶುರುವಾಗಿ ಆಕಾಶಕ್ಕೇರುತ್ತದೆ. ಕೊನೆಗೆ ಎರಡು ಹಾರುವ ದೈತ್ಯಪ್ರಾಣಿಗಳು ಜ್ವಾಲಾಮುಖಿಯಲ್ಲಿ ಬೀಳುವಾಗ ಗೊಂಬೆಯನ್ನು ತೂಗುಹಾಕಿದ್ದ ಒಂದು ತಂತಿ ನಿಜಕ್ಕೂ ಹರಿದಿತ್ತು. ತ್ಸುಬುರಾಯಾ ಕ್ಯಾಮೆರಾ ನಿಲ್ಲಿಸಲಿಲ್ಲ. ಆ ಒದ್ದಾಟದಲ್ಲಿ ಎಂಥ ದುಃಖವಿದೆ ಎಂಬುದನ್ನು ನೋಡಿಯೇ ತಿಳಿಯಬೇಕು.

ಮಕ್ಕಳಿದ್ದರೆ 1961ರ 'ಮೊಥ್ರಾ'. ದ್ವೀಪದಿಂದ ಕದ್ದು ತಂದ ಇಬ್ಬರು ಪುಟ್ಟ ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಹೋಗಲು ಒಂದು ಹುಳು ಸಮುದ್ರ ಈಜಿ ಬರುತ್ತದೆ. ಟೋಕಿಯೋ ಗೋಪುರಕ್ಕೆ ಒರಗಿ ಗೂಡು ಕಟ್ಟುತ್ತದೆ, ಪತಂಗವಾಗಿ ಹೊರಬರುತ್ತದೆ. ಆ ಇಬ್ಬರ ಪಾತ್ರ ಮಾಡಿ ಹಾಡಿದವರು 'ದಿ ಪೀನಟ್ಸ್' ಎಂದು ಹೆಸರಾದ ಅವಳಿ ಗಾಯಕಿಯರು. ಮನೆಯಲ್ಲಿ ರೇಷ್ಮೆ ಸಾಕಿದವರೊಬ್ಬರು ಜತೆಗಿದ್ದರೆ ಈ ಚಿತ್ರದ ರುಚಿ ಹೆಚ್ಚುತ್ತದೆ. ಹುಳು ತಲೆಯೆತ್ತಿ ಅತ್ತಿತ್ತ ಆಡಿಸುತ್ತಾ ನೂಲು ಬಿಡುವುದನ್ನು ಕಂಡು ನಮ್ಮ ಜಗಳೂರಿನ ಗೆಳತಿ, ಚಂದ್ರಿಕೆಗೆ ಬಿಟ್ಟ ಹುಳು ಹೀಗೇ ಮಾಡುತ್ತದೆ ಎಂದರು. ಜಪಾನ್ ಆಗ ರೇಷ್ಮೆಯ ನಾಡಾಗಿತ್ತು, ಕರ್ನಾಟಕವೂ ರೇಷ್ಮೆಯ ನಾಡೇ. ಲಂಡನ್ನಿನ ಪ್ರೇಕ್ಷಕನಿಗೆ ಇದು ಸಿಗಲಾರದು.

1971ರ 'ಗಾಡ್ಜಿಲ್ಲಾ ವರ್ಸಸ್ ಹೆಡೊರಾ' ಒಂದು ವಿಚಿತ್ರ ಚಿತ್ರ, ನನಗೆ ಬಹಳ ಪ್ರಿಯವಾದದ್ದು. ನಿರ್ದೇಶಕ ಯೊಶಿಮಿತ್ಸು ಬಾನ್ನೊ. ಕಾರ್ಖಾನೆಯ ಕೊಳಚೆ ಕುಡಿದು, ಚಿಮಣಿಯ ಹೊಗೆ ಸೇದಿ ಬೆಳೆಯುವ ಕೆಸರಿನ ಪ್ರಾಣಿ. ಹೊನ್ನಾಳಿಯ ಮುಂದೆ ಹರಿದು ಹೋಗುವ ಇದೇ ತುಂಗಭದ್ರೆಗೆ ಹರಿಹರದ ಬಳಿ ಕಾರ್ಖಾನೆಯ ನೀರು ಸೇರಿ ಮೀನು ಸತ್ತದ್ದು, 1980ರ ದಶಕದಲ್ಲಿ ಸಮಾಜ ಪರಿವರ್ತನ ಸಮುದಾಯದವರು ಜನರನ್ನು ಕೂಡಿಸಿ ಹೋರಾಡಿದ್ದು ಹಿರಿಯರ ನೆನಪಿನಲ್ಲಿದೆ. ಈ ಚಿತ್ರ ಮುಗಿದ ರಾತ್ರಿ ಮಾತು ಸಿನಿಮಾದಿಂದ ಹೊಳೆಗೆ ಹೊರಳಿತು, ಬಹಳ ಹೊತ್ತು ನಡೆಯಿತು.

ಎಲ್ಲವೂ ಚೆನ್ನಾಗಿಲ್ಲ. 1969ರ 'ಆಲ್ ಮಾನ್ಸ್ಟರ್ಸ್ ಅಟ್ಯಾಕ್' ಹಳೆಯ ಕಾದಾಟಗಳನ್ನೇ ಮತ್ತೆ ಅಂಟಿಸಿ ಮಾಡಿದ ಚಿತ್ರ, ಅದನ್ನು ಬಿಡಬಹುದು. ದಾಯೆಯ್ ಕಂಪನಿಯ ಹಾರುವ ಆಮೆ 'ಗಮೆರಾ' ಮಕ್ಕಳಿಗೆ ಹಿಡಿಸುತ್ತದೆ, ನನಗೆ ಅಷ್ಟಕ್ಕಷ್ಟೆ. ತಕಾಷಿ ಯಮಾಜಾಕಿ ಅವರ 2023ರ 'ಗಾಡ್ಜಿಲ್ಲಾ ಮೈನಸ್ ಒನ್' ಮಾತ್ರ ಕಂಪ್ಯೂಟರ್ ಬಳಸಿಯೂ ಹಳೆಯ ಭಾರವನ್ನು ಮರಳಿ ತಂದಿದೆ. ಯುದ್ಧ ಮುಗಿದ ಬರಿಗೈ ಜಪಾನಿನಲ್ಲಿ ಕಥೆ ನಡೆಯುವುದರಿಂದ ಅದು 1954ರ ಚಿತ್ರದ ನಿಜವಾದ ವಾರಸುದಾರ. 2024ರಲ್ಲಿ ಅದಕ್ಕೆ ವಿಷುಯಲ್ ಎಫೆಕ್ಟ್ಸ್‌ಗಾಗಿ ಆಸ್ಕರ್ ಬಂತು. ಎಪ್ಪತ್ತು ವರ್ಷದ ಈ ಸರಣಿಗೆ ಸಿಕ್ಕ ಮೊದಲ ಆಸ್ಕರ್ ಅದು. ಆದರೂ ಅದನ್ನು ಮೊದಲು ನೋಡಬೇಡಿ.

ಮೊದಲು 1954ರದ್ದು, ಜಪಾನಿ ದನಿಯಲ್ಲಿ, 96 ನಿಮಿಷದ ಪ್ರತಿ. ಸಬ್‌ಟೈಟಲ್ ಓದಲಾಗದ ಅಜ್ಜನನ್ನೋ ಅಮ್ಮನನ್ನೋ ಬಿಟ್ಟು ನೋಡಬೇಡಿ, ಪಕ್ಕದಲ್ಲಿ ಕೂರಿಸಿಕೊಂಡು ಮಾತುಗಳನ್ನು ಕನ್ನಡದಲ್ಲಿ ಹೇಳಿ. ನಮ್ಮ ನಾಲ್ಕು ಊರುಗಳಲ್ಲಿ ಯಾರಾದರೂ ಹೊಸದಾಗಿ ಹೀಗೆ ಕೂತು ನೋಡಲು ಶುರು ಮಾಡಿದರೆ ಪತ್ರಿಕೆಗೆ ಒಂದು ಸಾಲು ಬರೆದು ತಿಳಿಸಿ.